ಆಲೂಗಡ್ಡೆಯ ದೃಶ್ಯ ದಂಡವಲ್ಲ
ರಷ್ಯಾದ ಅಂತರ್ಯುದ್ಧದ ಕೆಂಪು ಸೇನೆಯ ದಳಪತಿ ಚಪಾಯೆವ್‌ನ ಕುರಿತ 1934ರ ಸೋವಿಯತ್ ಚಿತ್ರ ‘ಚಪಾಯೆವ್’ನಲ್ಲಿ ಆಲೂಗಡ್ಡೆಯ ದೃಶ್ಯ ಯುದ್ಧದ ಓಟಕ್ಕೆ ಅಡ್ಡಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ. ಮೇಜಿನ ಮೇಲೆ ಆಲೂಗಡ್ಡೆ ಜೋಡಿಸಿ ಚಪಾಯೆವ್ ಹೇಳುವುದು ದಳಪತಿಯ ಜಾಗ: ನಡೆಯುವಾಗ ಮುಂದೆ, ಗುಂಡು ಹಾರಿದಾಗ ಹಿಂದಿನ ದಿಬ್ಬದಲ್ಲಿ, ಶತ್ರು ಓಡಿದಾಗ ಮತ್ತೆ ಮುಂದೆ. ಆಮೇಲೆ ಬರುವ ಕಾಳಗಕ್ಕೆ ಇದೇ ನಕ್ಷೆ. ಅವನು ದಿಬ್ಬದಿಂದ ಕುದುರೆ ಹಾರಿಸಿಕೊಂಡು ಬಂದಾಗ ಯಾಕೆಂದು ಯಾರೂ ವಿವರಿಸಬೇಕಿಲ್ಲ.

ಆ ಕಾಳಗದಲ್ಲಿ ಮೆಷಿನ್ ಗನ್ ಹಿಡಿದ ಆನ್ನಾ ಗುಂಡು ಹಾರಿಸಲು ತಡಮಾಡುವುದೂ ಬರೀ ನಾಟಕವಲ್ಲ. ಮ್ಯಾಕ್ಸಿಮ್ ಗನ್ನಿನ ಪಟ್ಟಿಯಲ್ಲಿ 250 ಗುಂಡು. ಬಿಡದೆ ಹಾರಿಸಿದರೆ ಅರ್ಧ ನಿಮಿಷದೊಳಗೆ ಖಾಲಿ. ಶತ್ರು ದೂರದಲ್ಲಿದ್ದಾಗಲೇ ಸುರಿದರೆ ಹತ್ತಿರ ಬಂದಾಗ ಕೈ ಬರಿದು. ಆ ಕಾಯುವಿಕೆಯಲ್ಲೇ ನಮ್ಮ ಉಸಿರು ಕಟ್ಟುತ್ತದೆ.

ನಿಜವಾದ ತಪ್ಪು ಎದುರಾಳಿಗಳ ಕಪ್ಪು ಸಮವಸ್ತ್ರ. ಚಿತ್ರದಲ್ಲಿ ಎದುರಾಳಿಯಾಗಿರುವ, ಬೊಲ್ಶೆವಿಕ್ ವಿರೋಧಿ ‘ಶ್ವೇತ’ ಸೇನಾನಿ ಕಪ್ಪೆಲ್‌ನ ಪಡೆ ಅದನ್ನು ತೊಡುತ್ತಿರಲಿಲ್ಲ, ಅದು ದಕ್ಷಿಣ ರಷ್ಯಾದ ಕೆಲವು ಶ್ವೇತ ಪಡೆಗಳದು. ನಿಮ್ಮ ಲೇಖನದಲ್ಲಿ ಅದರ ಮಾತೇ ಇಲ್ಲ.