ಕ್ಯಾಮೆರಾ ಆನ್ ಆಗುವ ಮೊದಲು ಏನಿತ್ತು?

2016ರ ಸೆಪ್ಟೆಂಬರ್ 27ರಂದು ಸ್ಯಾಮ್ ಅಲಾರ್ಡೈಸ್ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಹುದ್ದೆಯಿಂದ ಕೆಳಗಿಳಿದಾಗ ಅವರು ಆ ಕುರ್ಚಿಯಲ್ಲಿ ಕಳೆದದ್ದು 67 ದಿನ, ನಡೆಸಿದ್ದು ಒಂದೇ ಒಂದು ಪಂದ್ಯ. ಸ್ಲೊವಾಕಿಯಾ ವಿರುದ್ಧದ ಆ ಪಂದ್ಯವನ್ನು ಆಡಂ ಲಲಾನಾ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ ಇಂಗ್ಲೆಂಡ್ ಗೆದ್ದಿತ್ತು. 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ವರದಿಗಾರರು ಪೂರ್ವ ಏಷ್ಯಾದ ಕಂಪನಿಯೊಂದರ ಪ್ರತಿನಿಧಿಗಳೆಂದು ಹೇಳಿಕೊಂಡು ಅವರನ್ನು ಭೇಟಿಯಾಗಿದ್ದರು. ಅಂಥ ಕಂಪನಿ ಇರಲೇ ಇಲ್ಲ. 4 ಲಕ್ಷ ಪೌಂಡ್‌ಗಳ ಒಪ್ಪಂದದ ಮಾತುಕತೆ, ಆಟಗಾರರ ಮೇಲಿನ ಮೂರನೆಯವರ ಒಡೆತನವನ್ನು ನಿಷೇಧಿಸುವ ನಿಯಮವನ್ನು ದಾಟಿಕೊಂಡು ಹೋಗಬಹುದೆಂಬ ಮಾತು, ತಮಗಿಂತ ಹಿಂದೆ ಆ ಹುದ್ದೆಯಲ್ಲಿದ್ದ ರಾಯ್ ಹಾಡ್ಗ್‌ಸನ್ ಅವರ ಉಚ್ಚಾರಣೆಯ ಬಗೆಗಿನ ಗೇಲಿ, ಎಲ್ಲವೂ ರಹಸ್ಯ ಕ್ಯಾಮೆರಾದಲ್ಲಿ ದಾಖಲಾಗಿದ್ದವು. ಬಲೆಗೆ ಕೆಡವುವವರು ಗೆದ್ದರು ಎಂಬರ್ಥದ ಮಾತನ್ನು ಅಲಾರ್ಡೈಸ್ ಮರುದಿನ ಹೇಳಿದರು.

ಅಂದಿನಿಂದ ಇಂದಿನವರೆಗೆ ಫುಟ್‌ಬಾಲ್ ಅಭಿಮಾನಿಗಳು ಕುಟುಕು ಕಾರ್ಯಾಚರಣೆಯ ವಿಷಯ ಬಂದಾಗಲೆಲ್ಲ ಎರಡು ಪಾಳಯಗಳಾಗಿ ಒಡೆಯುವುದನ್ನು ನಾನು ನೋಡುತ್ತ ಬಂದಿದ್ದೇನೆ. ಆಮಿಷ ಒಡ್ಡಿದರೆ ಯಾರು ತಾನೇ ಜಾರುವುದಿಲ್ಲ ಎಂದು ಒಂದು ಪಾಳಯ ಕೇಳುತ್ತದೆ. ಸಿಕ್ಕಿಬಿದ್ದವನು ಕಳ್ಳನೇ ಎಂದು ಇನ್ನೊಂದು ಪಾಳಯ ತೀರ್ಪು ಕೊಡುತ್ತದೆ. ಯಾರು ಯಾವ ಪಾಳಯಕ್ಕೆ ಹೋಗುತ್ತಾರೆಂಬುದನ್ನು ಬಹುಪಾಲು ಸಲ ನಿರ್ಧರಿಸುವುದು ಸಿಕ್ಕಿಬಿದ್ದವನ ಜರ್ಸಿಯ ಬಣ್ಣ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣವನ್ನು ತೋರಿಸುವ ಈ ಚಾಳಿಯಿಂದ ನಾನೂ ಹೊರತಾಗಿರಲಿಲ್ಲ. 2016ರಲ್ಲಿ ನಾನು ಅಲಾರ್ಡೈಸ್ ಪರವಾಗಿಯೇ ವಾದಿಸಿದ್ದೆ. ಹಣ ಪಡೆದಿಲ್ಲ, ಒಪ್ಪಂದಕ್ಕೆ ಸಹಿ ಹಾಕಿಲ್ಲ, ಫುಟ್‌ಬಾಲ್ ಅಸೋಸಿಯೇಷನ್ನಿನ ಒಪ್ಪಿಗೆ ಕೇಳಬೇಕಾಗುತ್ತದೆ ಎಂದು ಅದೇ ಸಂಭಾಷಣೆಯಲ್ಲಿ ಅವರೇ ಹೇಳಿದ್ದಾರೆ, ಹೀಗಿರುವಾಗ ತಪ್ಪೆಲ್ಲಿದೆ ಎಂದು ಕೇಳಿದ್ದೆ. ಅವರ ಮೇಲೆ ಯಾವ ಮೊಕದ್ದಮೆಯೂ ನಡೆಯಲಿಲ್ಲವೆಂಬುದು ನನ್ನ ವಾದಕ್ಕೆ ಬಲ ಕೊಟ್ಟಂತೆಯೂ ಕಂಡಿತ್ತು.

ಈಗ ನನಗೆ ಹಾಗನ್ನಿಸುವುದಿಲ್ಲ. ಮೂರನೆಯವರ ಒಡೆತನ ಎಂದರೆ ಕ್ಲಬ್ಬಿಗೂ ಆಟಗಾರನಿಗೂ ಸಂಬಂಧವಿಲ್ಲದ ಹೂಡಿಕೆದಾರನೊಬ್ಬ ಆಟಗಾರನ ವರ್ಗಾವಣೆಯ ಮೊತ್ತದಲ್ಲಿ ಪಾಲು ಇಟ್ಟುಕೊಳ್ಳುವುದು. ಆಟಗಾರ ಮತ್ತೆ ಮತ್ತೆ ಮಾರಾಟವಾದಷ್ಟೂ ಆತನಿಗೆ ಲಾಭ. ಎದುರಾಳಿ ತಂಡಗಳೆರಡರಲ್ಲೂ ಒಬ್ಬನೇ ಹೂಡಿಕೆದಾರನ ಆಟಗಾರರಿದ್ದರೆ ಆ ಪಂದ್ಯವನ್ನು ನಂಬುವುದು ಹೇಗೆ? ಈ ಕಾರಣಕ್ಕಾಗಿಯೇ ಇಂಗ್ಲೆಂಡ್ ಅದನ್ನು 2008ರಲ್ಲಿ ನಿಷೇಧಿಸಿತು, 2015ರ ಮೇ ತಿಂಗಳಿನಿಂದ ಫುಟ್‌ಬಾಲ್‌ನ ವಿಶ್ವ ಸಂಸ್ಥೆಯಾದ ಫಿಫಾ ಜಗತ್ತಿನಾದ್ಯಂತ ನಿಷೇಧಿಸಿತು. ಆ ನಿಯಮವನ್ನು ಇಂಗ್ಲೆಂಡಿನಲ್ಲಿ ರೂಪಿಸಿದ ಫುಟ್‌ಬಾಲ್ ಅಸೋಸಿಯೇಷನ್ನೇ ನೇಮಿಸಿಕೊಂಡ ಮ್ಯಾನೇಜರ್, ಮೊದಲ ಸಲ ಕಂಡ ಅಪರಿಚಿತರ ಮುಂದೆ ಅದನ್ನು ದಾಟುವ ದಾರಿಗಳಿವೆ ಎಂದು ಹೇಳುವುದು ಅಪರಾಧವಲ್ಲದಿರಬಹುದು. ಆದರೆ ಆ ಹುದ್ದೆಗೆ ಅವರು ತಕ್ಕವರಲ್ಲ ಎನ್ನುವುದಕ್ಕೆ ಅಷ್ಟು ಸಾಕು. ಅಪರಾಧ ಮತ್ತು ಅನರ್ಹತೆ ಬೇರೆ ಬೇರೆ ಎಂಬುದನ್ನು ನಾವು ಅಭಿಮಾನಿಗಳು ಒಪ್ಪಿಕೊಂಡಿದ್ದರೆ ಅಂದಿನ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲ.

ನನ್ನ ಮನಸ್ಸು ಬದಲಾದದ್ದಕ್ಕೆ ಇನ್ನೊಂದು ಕಾರಣ, ಅದೇ ತನಿಖೆಯಲ್ಲಿ ಸಿಕ್ಕಿಬಿದ್ದ ಟಾಮಿ ರೈಟ್. ಬಾರ್ನ್ಸ್‌ಲಿ ಕ್ಲಬ್ಬಿನ ಸಹಾಯಕ ತರಬೇತುದಾರರಾಗಿದ್ದ ಅವರು 5,000 ಪೌಂಡ್ ಲಂಚ ಪಡೆದ ಆರೋಪ ಲಂಡನ್ನಿನ ಸದರ್ಕ್ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂತು. ಅವರನ್ನೂ ಇಬ್ಬರು ಏಜೆಂಟರನ್ನೂ 2019ರ ಡಿಸೆಂಬರಿನಲ್ಲಿ ಜ್ಯೂರಿ ತಪ್ಪಿತಸ್ಥರೆಂದು ಘೋಷಿಸಿತು, ಮುಂದಿನ ತಿಂಗಳು ಮೂವರಿಗೂ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯಾಯಿತು. ಪತ್ರಿಕೆ ಅದೇ, ವಿಧಾನವೂ ಅದೇ. ಒಂದು ಪ್ರಕರಣದಲ್ಲಿ ಸಿಕ್ಕಿದ್ದು ವಿವೇಕವಿಲ್ಲದ ಮಾತು, ಇನ್ನೊಂದರಲ್ಲಿ ಸಾಬೀತಾದದ್ದು ಲಂಚ. ಆದರೂ ಅಲಾರ್ಡೈಸ್ ಬಗ್ಗೆ ವರ್ಷಗಟ್ಟಲೆ ವಾದಿಸಿದ ನಾವು ರೈಟ್ ಅವರ ಮೇಲಿನ ತೀರ್ಪನ್ನು ಒಂದು ದಿನವೂ ಚರ್ಚಿಸಲಿಲ್ಲ. ಹೆಸರು ದೊಡ್ಡದಿದ್ದರೆ ಮಾತ್ರ ನಮಗೆ ಭ್ರಷ್ಟಾಚಾರ ಕಾಣುತ್ತದೆಯೇ ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ.

ಕುಟುಕು ಕಾರ್ಯಾಚರಣೆ ಏನನ್ನು ತೋರಿಸಬಲ್ಲದು, ಏನನ್ನು ತೋರಿಸಲಾರದು ಎಂಬುದನ್ನು ಬ್ರೂಸ್ ಗ್ರೊಬೆಲಾರ್ ಪ್ರಕರಣದಷ್ಟು ಸ್ಪಷ್ಟವಾಗಿ ಹೇಳುವ ಮತ್ತೊಂದು ಕಥೆ ನನಗೆ ಗೊತ್ತಿಲ್ಲ. 1984ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ರೋಮಾ ತಂಡದ ಪೆನಾಲ್ಟಿಗಳ ಮುಂದೆ ಕಾಲುಗಳನ್ನು ನಡುಗಿಸಿ ಎದುರಾಳಿಯನ್ನು ಗಲಿಬಿಲಿಗೊಳಿಸಿದ ಲಿವರ್‌ಪೂಲ್ ಗೋಲ್‌ಕೀಪರ್ ಅವರು. 1994ರ ನವೆಂಬರಿನಲ್ಲಿ 'ದಿ ಸನ್' ಪತ್ರಿಕೆ, ಅವರ ಹಳೆಯ ವ್ಯವಹಾರ ಪಾಲುದಾರನ ಮೂಲಕ ರಹಸ್ಯವಾಗಿ ಚಿತ್ರೀಕರಿಸಿದ ವಿಡಿಯೊಗಳನ್ನು ಆಧಾರವಾಗಿಟ್ಟುಕೊಂಡು, ಅವರು ಪಂದ್ಯಗಳನ್ನು ಬಿಟ್ಟುಕೊಡಲು ಹಣ ಪಡೆದರೆಂದು ಬರೆಯಿತು. 1997ರಲ್ಲಿ ಎರಡು ಬಾರಿ ವಿಚಾರಣೆ ನಡೆದರೂ ಶಿಕ್ಷೆಯಾಗಲಿಲ್ಲ. ಅವರು ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು, 1999ರಲ್ಲಿ ಜ್ಯೂರಿ 85,000 ಪೌಂಡ್ ಪರಿಹಾರ ಕೊಡಿಸಿತು. 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 2002ರಲ್ಲಿ ಪ್ರಕರಣ ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂದಾಗ ನ್ಯಾಯಮೂರ್ತಿಗಳು ಜ್ಯೂರಿಯ ನಿರ್ಣಯವನ್ನು ಉಳಿಸಿದರು, ಆದರೆ ಪರಿಹಾರವನ್ನು 1 ಪೌಂಡಿಗೆ ಇಳಿಸಿದರು.

ಆ 1 ಪೌಂಡಿನ ಹಿಂದಿನ ತರ್ಕವನ್ನು ಅಭಿಮಾನಿಗಳು ನಿಧಾನವಾಗಿ ಓದಬೇಕೆಂದು ನಾನು ಯಾವಾಗಲೂ ಹೇಳುತ್ತೇನೆ. ಮೈದಾನದಲ್ಲಿ ಅವರು ಬೇಕೆಂದೇ ಗೋಲು ಬಿಟ್ಟುಕೊಟ್ಟರೆಂಬುದು ಸಾಬೀತಾಗಿರಲಿಲ್ಲ. ಲಂಚದ ಹಣವನ್ನು ಅವರು ಒಪ್ಪಿಕೊಂಡಿದ್ದು ಮಾತ್ರ ಟೇಪಿನಲ್ಲೇ ಇತ್ತು, ಹಾಗೆ ನಡೆದುಕೊಂಡ ಆಟಗಾರನ ಮಾನಕ್ಕೆ ನ್ಯಾಯಾಲಯ ಅದಕ್ಕಿಂತ ಹೆಚ್ಚಿನ ಬೆಲೆ ಕಟ್ಟಲು ಸಿದ್ಧವಿರಲಿಲ್ಲ. ರಹಸ್ಯ ಕ್ಯಾಮೆರಾ ಒಬ್ಬ ವ್ಯಕ್ತಿ ಏನು ಹೇಳಿದ, ಏನು ಪಡೆದ ಎಂಬುದನ್ನು ತೋರಿಸುತ್ತದೆ. ಶನಿವಾರ ಮಧ್ಯಾಹ್ನ ಗೋಲಿನ ಮುಂದೆ ಅವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾವ ಕ್ಯಾಮೆರಾವೂ ತೋರಿಸಲಾರದು. ಪತ್ರಿಕೆಯ ಶೀರ್ಷಿಕೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ, ನಾವು ಅದನ್ನು ಹಾಗೆಯೇ ನುಂಗುತ್ತೇವೆ.

ಪತ್ರಕರ್ತರೆಲ್ಲ ಸತ್ಯದ ಸೇವೆಗಾಗಿಯೇ ವೇಷ ಹಾಕುತ್ತಾರೆಂದು ನಾನು ಹೇಳುತ್ತಿಲ್ಲ. 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಯ ಮಝರ್ ಮಹಮೂದ್ ಶೇಖ್ ವೇಷದಲ್ಲಿ, ಆಗ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿದ್ದ ಸ್ವೆನ್ ಗೊರಾನ್ ಎರಿಕ್ಸನ್ ಅವರನ್ನು ದುಬೈಗೆ ಕರೆಸಿಕೊಂಡು, ಆ್ಯಸ್ಟನ್ ವಿಲ್ಲಾ ಕ್ಲಬ್ಬನ್ನು ಕೊಳ್ಳುವ ಕಥೆ ಕಟ್ಟಿ ಮಾತನಾಡಿಸಿದ್ದು 2006ರ ಜನವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಸಾರ್ವಜನಿಕ ಹಿತ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಉದ್ಯೋಗ ಬದಲಿಸುವ ಆಸೆ ಭ್ರಷ್ಟಾಚಾರವಲ್ಲ. ಅದೇ ಮಹಮೂದ್ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಇನ್ನೊಂದು ಕಾರ್ಯಾಚರಣೆಯ ಮೊಕದ್ದಮೆಯಲ್ಲಿ ನ್ಯಾಯದ ದಾರಿ ತಪ್ಪಿಸಲು ಸಂಚು ಮಾಡಿದ್ದಕ್ಕಾಗಿ 2016ರ ಅಕ್ಟೋಬರಿನಲ್ಲಿ 15 ತಿಂಗಳ ಜೈಲು ಶಿಕ್ಷೆಗೆ ಗುರಿಯಾದರು. ಆದ್ದರಿಂದ ವರದಿಗಾರನ ಉದ್ದೇಶವನ್ನು ಪ್ರಶ್ನಿಸುವುದು ತಪ್ಪಲ್ಲ. ಆ ಪ್ರಶ್ನೆಯ ಹಿಂದೆ ಅಡಗಿಕೊಂಡು ಟೇಪಿನಲ್ಲಿರುವುದನ್ನು ನೋಡದೆ ಬಿಡುವುದು ತಪ್ಪು.

ಹಾಗೆ ನೋಡದೆ ಬಿಟ್ಟರೆ ಏನಾಗುತ್ತದೆಂಬುದನ್ನು 2010 ತೋರಿಸಿಕೊಟ್ಟಿತು. 2018 ಮತ್ತು 2022ರ ವಿಶ್ವಕಪ್ ಆತಿಥ್ಯಕ್ಕಾಗಿ ಮತದಾನ ಹತ್ತಿರವಾಗಿದ್ದ ಆ ವರ್ಷದ ಅಕ್ಟೋಬರಿನಲ್ಲಿ, 'ಸಂಡೇ ಟೈಮ್ಸ್' ವರದಿಗಾರರು ಅಮೆರಿಕದ ಕಂಪನಿಗಳ ಪರ ಲಾಬಿ ಮಾಡುವವರಂತೆ ನಟಿಸಿ, ಮತ ಹಾಕಬೇಕಿದ್ದ ಫಿಫಾ ಕಾರ್ಯಕಾರಿ ಸಮಿತಿಯ ಇಬ್ಬರು ಸದಸ್ಯರನ್ನು ಭೇಟಿಯಾದರು. ನೈಜೀರಿಯಾದ ಆಮೋಸ್ ಅದಾಮು ಕೃತಕ ಹುಲ್ಲಿನ ಮೈದಾನಗಳಿಗೆಂದು 5 ಲಕ್ಷ ಪೌಂಡ್ ಬಯಸಿದರೆಂದೂ, ತಾಹಿಟಿಯ ರೆನಾಲ್ಡ್ ಟೆಮಾರಿ ಫುಟ್‌ಬಾಲ್ ಅಕಾಡೆಮಿಗೆಂದು ಹಣದ ಮಾತನಾಡಿದರೆಂದೂ ಪತ್ರಿಕೆ ಬರೆಯಿತು. ಫಿಫಾ ನೈತಿಕ ಸಮಿತಿ ಅದಾಮು ಅವರನ್ನು 3 ವರ್ಷ, ಟೆಮಾರಿ ಅವರನ್ನು 1 ವರ್ಷ ಅಮಾನತು ಮಾಡಿತಾದರೂ, ಸಮಿತಿಯ ಅಧ್ಯಕ್ಷರು ಅದೇ ಉಸಿರಿನಲ್ಲಿ ಪತ್ರಿಕೆಯ ವಿಧಾನವನ್ನೂ ಖಂಡಿಸಿದರು. ಮತದಾನಕ್ಕೆ ಮೂರು ದಿನ ಮೊದಲು ಬಿಬಿಸಿಯ 'ಪನೋರಮಾ' ಕಾರ್ಯಕ್ರಮ ರಿಕಾರ್ಡೊ ಟೆಶೇರಾ, ನಿಕೊಲಾಸ್ ಲಿಯೊಸ್ ಮೊದಲಾದ ಅದೇ ಸಮಿತಿಯ ಸದಸ್ಯರು ಐಎಸ್ಎಲ್ ಎಂಬ ಮಾರ್ಕೆಟಿಂಗ್ ಕಂಪನಿಯಿಂದ ಹಣ ಪಡೆದಿದ್ದರೆಂದು ಆರೋಪಿಸಿದಾಗ, ಆತಿಥ್ಯಕ್ಕಾಗಿ ಓಡಾಡುತ್ತಿದ್ದ ಇಂಗ್ಲೆಂಡಿನ ತಂಡದ ಮುಖ್ಯಸ್ಥರು ಅದನ್ನು ದೇಶಪ್ರೇಮವಿಲ್ಲದ ಕೆಲಸವೆಂದು ಜರೆದರು. ಡಿಸೆಂಬರ್ 2ರಂದು ಜ್ಯೂರಿಕ್‌ನಲ್ಲಿ 22 ಮತಗಳ ಪೈಕಿ ಇಂಗ್ಲೆಂಡಿಗೆ ಬಿದ್ದದ್ದು 2. ಪತ್ರಕರ್ತರಿಂದಾಗಿ ವಿಶ್ವಕಪ್ ಕೈತಪ್ಪಿತೆಂದು ಅಭಿಮಾನಿಗಳು ಕೂಗಾಡಿದರು.

ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು ಈ ಕೂಗಾಟ. ಮತ ಹಾಕುವವರನ್ನು ಕೊಳ್ಳಬಹುದೇ ಎಂದು ಕೇಳಿದವರ ಮೇಲೆ ಸಿಟ್ಟು ಬಂತೇ ಹೊರತು, ಕೊಳ್ಳಲು ಸಿಗುವವರ ಮೇಲೆ ಬರಲಿಲ್ಲ. 2012ರಲ್ಲಿ ಸ್ವಿಟ್ಜರ್ಲೆಂಡಿನ ಕಾನೂನು ದಾಖಲೆಗಳು ಬಹಿರಂಗವಾದಾಗ ಟೆಶೇರಾ ಐಎಸ್ಎಲ್‌ನಿಂದ ಕನಿಷ್ಠ 1.27 ಕೋಟಿ ಸ್ವಿಸ್ ಫ್ರಾಂಕ್ ಪಡೆದಿದ್ದರೆಂಬುದು ಎಲ್ಲರ ಕಣ್ಣಿಗೆ ಬಿತ್ತು. 2015ರ ಮೇ 27ರಂದು ಜ್ಯೂರಿಕ್‌ನ ಹೋಟೆಲೊಂದರಲ್ಲಿ ಫಿಫಾ ಅಧಿಕಾರಿಗಳ ಬಂಧನವಾಯಿತು, ಅಮೆರಿಕದ ಆ ದಿನದ ಆರೋಪಪಟ್ಟಿಯಲ್ಲಿ ಲಿಯೊಸ್ ಹೆಸರೂ ಇತ್ತು. ಟೆಮಾರಿ ಅವರ ಕಥೆಯ ಉಳಿದ ಭಾಗವೂ ಅದೇ ತಿಂಗಳು ಹೊರಬಂತು. 2010ರಲ್ಲಿ ಅವರು ಶಿಕ್ಷೆಯ ವಿರುದ್ಧ ಮೇಲ್ಮನವಿ ಸಲ್ಲಿಸಿದ್ದರಿಂದ ಅವರ ಪ್ರದೇಶದ ಫುಟ್‌ಬಾಲ್ ಒಕ್ಕೂಟವಾದ ಓಷಿಯಾನಿಯಾಕ್ಕೆ ಬೇರೊಬ್ಬರನ್ನು ಮತದಾನಕ್ಕೆ ಕಳಿಸಲಾಗಿರಲಿಲ್ಲ. ಆ ಕಾನೂನು ಹೋರಾಟದ ಖರ್ಚಿಗೆ 3,05,640 ಯೂರೊ ಕೊಟ್ಟವರು, 2022ರ ಆತಿಥ್ಯ ಗೆದ್ದ ಕತಾರಿನ ಫುಟ್‌ಬಾಲ್ ಅಧಿಕಾರಿ ಮೊಹಮ್ಮದ್ ಬಿನ್ ಹಮಾಮ್ ಎಂಬುದು ಫಿಫಾ ತನಿಖೆಯಿಂದ ತಿಳಿದು, ಟೆಮಾರಿ ಅವರಿಗೆ 8 ವರ್ಷಗಳ ನಿಷೇಧವಾಯಿತು. ಟೇಪಿನಲ್ಲಿದ್ದ ಮಾತಿಗಿಂತ, ಟೇಪು ಹೊರಬಿದ್ದ ಮೇಲೆ ಯಾರು ಯಾರ ನೆರವಿಗೆ ಓಡಿದರೆಂಬುದೇ ಹೆಚ್ಚು ಸತ್ಯ ಹೇಳಿತು.

ಘಾನಾದ ಪ್ರಕರಣದಲ್ಲಿ ನನ್ನ ಮನಸ್ಸು ಇಷ್ಟು ಸಲೀಸಾಗಿ ಒಂದು ಕಡೆ ನಿಲ್ಲುವುದಿಲ್ಲ. ಮುಖಕ್ಕೆ ಮಣಿಗಳ ಪರದೆ ಇಳಿಬಿಟ್ಟುಕೊಂಡೇ ಸಾರ್ವಜನಿಕವಾಗಿ ಕಾಣಿಸಿಕೊಳ್ಳುವ ಪತ್ರಕರ್ತ ಅನಸ್ ಅರೆಮೆಯಾ ಅನಸ್ ಅವರ ತನಿಖಾ ಚಿತ್ರ 2018ರ ಜೂನಿನಲ್ಲಿ ಅಕ್ರಾದಲ್ಲಿ ಪ್ರದರ್ಶನವಾಯಿತು. ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಫಿಫಾ ಮಂಡಳಿಯ ಸದಸ್ಯರೂ ಆಗಿದ್ದ ಕ್ವೆಸಿ ನ್ಯಾಂಟಾಚಿ, ಪ್ರಾಯೋಜಕನೆಂದು ನಟಿಸಿದವನಿಂದ 65,000 ಡಾಲರ್ ಪಡೆಯುವುದು ಅದರಲ್ಲಿತ್ತು. ಅವರು ರಾಜೀನಾಮೆ ಕೊಟ್ಟರು. ಫಿಫಾ ವಿಧಿಸಿದ ಆಜೀವ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ ಮುಂದೆ 15 ವರ್ಷಕ್ಕೆ ಇಳಿಸಿತು. ಅಂಥ ಅಧಿಕಾರಸ್ಥನ ಬಗ್ಗೆ ನನಗೆ ಮರುಕವಿಲ್ಲ. ಆದರೆ ಅದೇ ಚಿತ್ರದಲ್ಲಿ ಸಣ್ಣ ಮೊತ್ತಗಳನ್ನು ಪಡೆಯುತ್ತಿದ್ದ ರೆಫರಿಗಳೂ ಇದ್ದರು. ಆ ವರ್ಷದ ವಿಶ್ವಕಪ್‌ಗೆ ಆಯ್ಕೆಯಾಗಿದ್ದ ಕೆನ್ಯಾದ ಸಹಾಯಕ ರೆಫರಿ ಏಡನ್ ಮಾರ್ವಾ 600 ಡಾಲರ್ ಪಡೆದದ್ದು ಕಂಡುಬಂದು ವಿಶ್ವಕಪ್‌ನಿಂದ ಹಿಂದೆ ಸರಿಯಬೇಕಾಯಿತು. ಕ್ಯಾಮೆರಾ ಆನ್ ಆಗುವ ಮೊದಲು ಆ ವ್ಯಕ್ತಿ ಹೀಗೆ ಹಣ ಪಡೆಯುತ್ತಿದ್ದನೇ, ಇಲ್ಲವೇ ವರದಿಗಾರ ತಂದ ನೋಟುಗಳೇ ಅವನ ಮೊದಲ ತಪ್ಪಿಗೆ ಕಾರಣವಾದವೇ? ಪಂದ್ಯದ ನ್ಯಾಯ ಹೇಳುವವನು ಒಂದು ಡಾಲರನ್ನೂ ಮುಟ್ಟಬಾರದೆಂಬುದನ್ನು ಒಪ್ಪುತ್ತೇನೆ. ಆದರೆ ಒಬ್ಬನ ಜೀವಮಾನದ ದುಡಿಮೆ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿರುವಾಗ, ಕತ್ತರಿಸಿದ ತುಣುಕುಗಳಿಂದ ತೃಪ್ತರಾಗದೆ ಪೂರ್ತಿ ಚಿತ್ರೀಕರಣವನ್ನು ತನಿಖೆ ಮಾಡುವವರ ಕೈಗೆ ಕೊಡಿ ಎಂದು ಮೊದಲು ಕೇಳಬೇಕಾದವರು ಅಭಿಮಾನಿಗಳಾದ ನಾವು.

ಆ ತನಿಖಾ ತಂಡದಲ್ಲಿ ಅಹ್ಮದ್ ಹುಸೇನ್ ಸುವಾಲೆ ಎಂಬ ಪತ್ರಕರ್ತರಿದ್ದರು. ಚಿತ್ರದಿಂದ ಸಿಟ್ಟಿಗೆದ್ದ ಸಂಸದರೊಬ್ಬರು ಟಿವಿಯಲ್ಲಿ ಅವರ ಭಾವಚಿತ್ರ ತೋರಿಸಿ, ಸಿಕ್ಕಲ್ಲಿ ಹೊಡೆಯಿರಿ ಎಂದಿದ್ದರು. 2019ರ ಜನವರಿ 16ರ ರಾತ್ರಿ ಅಕ್ರಾದಲ್ಲಿ, ಕಾರಿನಲ್ಲಿ ಹೋಗುತ್ತಿದ್ದ ಅಹ್ಮದ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಕುಟುಕು ಕಾರ್ಯಾಚರಣೆ ನ್ಯಾಯವೇ ಅನ್ಯಾಯವೇ ಎಂದು ನಾವು ರಾತ್ರಿಯಿಡೀ ವಾದಿಸುವಾಗ, ಸಿಕ್ಕಿಬಿದ್ದವನ ಬದುಕಿನ ಬಗ್ಗೆ ಇಷ್ಟೆಲ್ಲ ಚಿಂತಿಸುವ ನಾನು, ಈ ಹೆಸರನ್ನೂ ಅಲ್ಲಿ ಎತ್ತುತ್ತೇನೆ.