ಹೋದ ವಾರ ಬರಬೇಕಿತ್ತು

ಪ್ಯಾಂಟಿನ ಮಂಡಿಯ ಕೆಸರು ಇನ್ನೂ ಹೋಗಿಲ್ಲ. ಎರಡು ಸಲ ಮೆಷಿನ್ನಿಗೆ ಹಾಕಿದ್ದಾಯಿತು. ಪ್ಯಾಂಟು ನಮ್ಮ ಯಜಮಾನರದ್ದು, ಒಗೆಯುವವಳು ನಾನು. ಹಾಗಾಗಿ ಸಿಟ್ಟೂ ನನ್ನದೇ.

ಮೊನ್ನೆ ಶನಿವಾರ ನಾವು ಕಾಡುಹೂವು ನೋಡಲು ಹೋಗಿದ್ದೆವು. ಉತ್ತರ ವರ್ಜೀನಿಯಾದಲ್ಲಿ ಮಾರ್ಚ್ ಕೊನೆಗೆ ಶುರುವಾಗುವ ರೋಗ ಇದು. ನಾಲ್ಕು ತಿಂಗಳು ಹೀಟರ್ ಹಾಕಿಕೊಂಡು ಚಕ್ಕುಲಿ ತಿನ್ನುತ್ತಾ ಕೂತವರಿಗೆ ಇದ್ದಕ್ಕಿದ್ದಂತೆ ಕಾಡಿನ ಮೇಲೆ ಪ್ರೀತಿ ಉಕ್ಕುತ್ತದೆ. ಸೆಂಟರ್‌ವಿಲ್ ಹತ್ತಿರ ಬುಲ್ ರನ್ ಅಂತ ಒಂದು ಹೊಳೆ. ಅದರ ದಂಡೆಯ ಕಾಡು ಬ್ಲೂಬೆಲ್ ಹೂವಿಗೆ ಹೆಸರುವಾಸಿ. "ಬುಲ್ ರನ್‌ಗೆ ಹೋಗ್ತಿದೀವಿ" ಅಂದರೆ, ಷೇರುಪೇಟೆ ಏರುವುದಕ್ಕೂ ಅದೇ ಹೆಸರಲ್ಲ, ಇವರ ಗೆಳೆಯರೊಬ್ಬರು "ಯಾವ ಷೇರು?" ಅಂತ ಕೇಳಿದರು.

ಈ ಹೂವುಗಳಿಗೆ ವಿಪರೀತ ಅವಸರ. ಮೇಲಿನ ಮರಗಳು ಇನ್ನೂ ಬೋಳಾಗಿರುತ್ತವಲ್ಲ, ಆಗಷ್ಟೇ ನೆಲಕ್ಕೆ ಬಿಸಿಲು. ಮರ ಚಿಗುರಿ ನೆರಳು ಬೀಳುವುದರೊಳಗೆ ಇವು ಎದ್ದು, ಹೂ ಬಿಟ್ಟು, ಬೀಜ ಕಟ್ಟಿ ಮುಗಿಸಬೇಕು. ಆಮೇಲೆ ಕೆಲವಂತೂ ಎಲೆ ಸಮೇತ ನಾಪತ್ತೆ. ಹೊತ್ತಿಗೆ ಸರಿಯಾಗಿ ಬಂದು ಹೋಗುವ ಜಾತಿ. ನಾವು ಆ ಜಾತಿಯವರಲ್ಲ. ಎಂಟಕ್ಕೆ ಹೊರಡೋದು ಅಂತ ಮಾತಾಗಿತ್ತು. ಉಪ್ಪಿಟ್ಟು, ಫ್ಲಾಸ್ಕಿಗೆ ಕಾಫಿ, ಕ್ಯಾಮೆರಾದ ಬ್ಯಾಟರಿ ಹುಡುಕಾಟ ಎಲ್ಲ ಸೇರಿ ಬಾಗಿಲು ಹಾಕುವಾಗ 10.30.

ಕಾಡಿನ ಬಾಯಲ್ಲೇ ದುರ್ಬೀನು ನೇತುಹಾಕಿಕೊಂಡ ಅಜ್ಜ ಅಜ್ಜಿ ಸಿಕ್ಕರು. ಇವರು "ಬ್ಲಡ್‌ರೂಟ್ ಇದೆಯಾ?" ಅಂತ ಕೇಳಿದರು. ಅಜ್ಜಿಯ ಮುಖದಲ್ಲಿ ಮರುಕ. "ಅಯ್ಯೋ, ಹೋದ ವಾರ ಬರಬೇಕಿತ್ತು!" ಸರಿ, ಬ್ಲೂಬೆಲ್? "ಅದಕ್ಕೆ ಮುಂದಿನ ವಾರ ಬನ್ನಿ!" ಇಬ್ಬರೂ ಖುಷಿಯಾಗಿ ನಡೆದುಹೋದರು. ಮದುವೆ ಮನೆಯಲ್ಲಿ ಹೋಳಿಗೆ ಖಾಲಿಯಾದ ಸುದ್ದಿಯನ್ನು ಉಂಡು ಕೈ ತೊಳೆದವರು ಹೇಳುತ್ತಾರಲ್ಲ, ಅದೇ ದನಿ. ಆಮೇಲೆ ಕೋಲು ಹಿಡಿದ ಹೆಂಗಸೊಬ್ಬರು ಸಿಕ್ಕರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಯುವಕ ಸಿಕ್ಕ. ಎಲ್ಲರದ್ದೂ ಹೋದ ವಾರ, ಮುಂದಿನ ವಾರ. ಈ ವಾರ ಬಂದದ್ದು ನಮ್ಮದೇ ತಪ್ಪು ಅನ್ನೋ ಹಾಗೆ.

ಈ ವಾರ ಏನಿತ್ತು ಅಂದರೆ, ಬ್ಲೂಬೆಲ್ ಇನ್ನೂ ಗುಲಾಬಿ ಮೊಗ್ಗು. ಅರಳಿದ ಮೇಲೇ ಅದಕ್ಕೆ ನೀಲಿ ಬಣ್ಣ. ಸ್ಪ್ರಿಂಗ್ ಬ್ಯೂಟಿ ಅನ್ನೋ ಹೂವು ಕಾಲಿಟ್ಟಲ್ಲೆಲ್ಲ ಇತ್ತು. ಆದರೆ ಮೋಡ ಮುಚ್ಚಿದರೆ ಅದು ಬಾಗಿಲು ಹಾಕಿಕೊಳ್ಳುತ್ತದೆ, ಮೋಡ ಮುಚ್ಚಿತ್ತು. ಟ್ರೌಟ್ ಲಿಲ್ಲಿಯ ಎಲೆ ಮೀನಿನ ಮೈ ಹಾಗೆ ಮಚ್ಚೆ ಮಚ್ಚೆ. ಎರಡು ಎಲೆ ಇದ್ದರೆ ಹೂ ಬಿಡುವ ಗಿಡ, ಒಂದೇ ಇದ್ದರೆ ಇನ್ನೂ ಎಳೆಯದು. ನಮಗೆ ಸಿಕ್ಕಿದ್ದು ಗುಡ್ಡದ ತುಂಬಾ ಒಂದೊಂದೇ ಎಲೆ. ಬೀಜದಿಂದ ಹೂವಿನ ತನಕ 4ರಿಂದ 7 ವರ್ಷ ಬೇಕಂತೆ. ಪರವಾಗಿಲ್ಲ, ನಮ್ಮ ಗ್ರೀನ್ ಕಾರ್ಡಿಗಿಂತ ಬೇಗ.

ಸಿಕ್ಕಿದ ಹೂವು ಅಂದರೆ ಡಚ್‌ಮನ್ಸ್ ಬ್ರೀಚಸ್. ಬಿಳೀ ಚಡ್ಡಿಗಳನ್ನು ತಲೆಕೆಳಗಾಗಿ ದಾರಕ್ಕೆ ಒಣಹಾಕಿದ ಹಾಗಿತ್ತು. ಮನೆಯಲ್ಲಿ ಎರಡು ಬುಟ್ಟಿ ಬಟ್ಟೆ ಒಗೆಯಲು ಬಿಟ್ಟು ಬಂದವಳಿಗೆ ಇದನ್ನು ತೋರಿಸಿ "ಎಷ್ಟು ಚೆಂದ ನೋಡೇ" ಅಂದರು.

ಕಡೆಗೂ ಒಂದು ಬ್ಲಡ್‌ರೂಟ್ ಸಿಕ್ಕಿತು. ಒಂದೇ ಒಂದು. ಬೇರು ಮುರಿದರೆ ರಕ್ತದಂಥ ಕೆಂಪು ರಸ, ಅದಕ್ಕೇ ಆ ಹೆಸರು. ಹೂವು ಮಾತ್ರ ಬೆಳ್ಳಗೆ. ನಡುವೆ ಹಳದಿ ಪುಡಿ, ದಂಟಿನ ಸುತ್ತ ಒಂದೇ ಎಲೆ, ಚಳಿಗೆ ಶಾಲು ಹೊದ್ದ ಅಜ್ಜಿಯ ಹಾಗೆ. ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ಸಿಟ್ಟೂ ಇಳಿದಿತ್ತು.

ಅಷ್ಟರಲ್ಲಿ ಇವರು ಮಲಗಿಬಿಟ್ಟರು.

ನಿಂತು ಫೋಟೋ ತೆಗೆದರೆ ಹೂವಿಗೆ ಅವಮಾನ ಅನ್ನುವವರು ಇವರು. ಮೊದಲು ಮಂಡಿ ಊರುತ್ತಾರೆ. ಆಮೇಲೆ ಮೊಣಕೈ. ಆಮೇಲೆ ಕಪ್ಪು ಜಾಕೆಟ್ಟಿನ ಆರಡಿ ದೇಹ ಪೂರ್ತಿ ಹಸಿ ತರಗೆಲೆಯ ಮೇಲೆ ಬೋರಲು. ಕೆನ್ನೆ ನೆಲಕ್ಕೆ, ಒಂದು ಕೈ ಮುಂದೆ ಚಾಚಿ. ಹೂವು ಅಲುಗಬಾರದು ಅಂತ ಉಸಿರು ಬಿಗಿ. ಗಾಳಿ ನಿಲ್ಲಬೇಕು, ಮೋಡ ಸರಿಯಬೇಕು, ಎರಡೂ ಒಟ್ಟಿಗೆ ಆಗಬೇಕು. ನನಗೆ ಗೊತ್ತಿದ್ದ ಸಂಗತಿಯೇ. ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದ ಮರದ ಮೇಲೆ ಕೂತು ಉಪ್ಪಿಟ್ಟಿನ ಡಬ್ಬಿ ಬಿಚ್ಚಿದೆ.

ಹತ್ತು ನಿಮಿಷ ಆಗಿರಬಹುದು. ತಿರುವಿನಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಬಂದ. ಕಂಡದ್ದು ಏನು? ದಾರಿ ಪಕ್ಕ ಬೋರಲು ಬಿದ್ದ ಗಂಡಸು, ಅಲುಗಾಟವಿಲ್ಲ, ಉಸಿರಿಲ್ಲ. "ಸರ್! ಸರ್! ಕೇಳಿಸ್ತಿದೆಯಾ?" ಅಂತ ಕೂಗಿದ. ಆಗಲೇ ಬಿಸಿಲು ಬಂದಿತ್ತು ನೋಡಿ, ಇವರು ಜಪ್ಪಯ್ಯ ಅನ್ನಲಿಲ್ಲ. ಚಾಚಿದ ಕೈಯ ಒಂದು ಬೆರಳನ್ನು ಮಾತ್ರ 'ತಡಿ' ಅನ್ನುವಂತೆ ಮೆಲ್ಲಗೆ ಎತ್ತಿದರು. ಅದು ಆತನಿಗೆ ಕೊನೆಯ ಚಲನೆಯಂತೆ ಕಂಡಿರಬೇಕು. ಫೋನ್ ತೆಗೆದ. ನನ್ನ ಬಾಯಿ ತುಂಬಾ ಉಪ್ಪಿಟ್ಟು. ಕೂಗೋಣ ಅಂದರೆ ನೆತ್ತಿಗೇರಿ ಕೆಮ್ಮು. ಕಣ್ಣಲ್ಲಿ ನೀರು ಸುರಿಸಿಕೊಂಡು, ಎದೆ ಬಡಿದುಕೊಂಡು, ಒಂದು ಕೈಯಲ್ಲಿ ಚಮಚ ಬೀಸುತ್ತಾ ಓಡಿಬಂದೆ. ಆತ ನನ್ನನ್ನು ನೋಡಿ "ಧೈರ್ಯ ತಗೊಳ್ಳಿ ಮೇಡಂ, 911ಕ್ಕೆ ಮಾಡ್ತಿದೀನಿ" ಅಂದ.

ನಾಯಿ ಮಾತ್ರ ಜಾಣ. ಇವರ ಕಿವಿ ಮೂಸಿತು, ಜೀವ ಇದೆ ಅಂತ ಖಾತ್ರಿಯಾಯಿತು. ಆಮೇಲೆ ಹೂವನ್ನು ಮೂಸಿತು. ಹಳದಿ ಪುಡಿ ಮೂಗಿಗೆ ಹೋಯಿತೋ ಏನೋ, ಒಂದು ಸೀನು ಸೀನಿತು.

ಬ್ಲಡ್‌ರೂಟಿನ ಎಸಳು ಮುಟ್ಟಿದರೆ ಉದುರುತ್ತದೆ. ನಾಯಿ ಸೀನಿದರೆ ಕೇಳಬೇಕೆ? ಎಂಟೂ ಎಸಳು ನೆಲಕ್ಕೆ. ಕ್ಯಾಮೆರಾ 'ಕ್ಲಿಕ್' ಅಂದದ್ದು ಆಮೇಲೆ.

ಆ ಮನುಷ್ಯ ಪಾಪ, ಹತ್ತು ಸಲ ಸಾರಿ ಕೇಳಿದ. ಹೋಗುವಾಗ ಸಮಾಧಾನಕ್ಕೆ ಅಂತ ಒಂದು ಮಾತು ಸೇರಿಸಿದ. "ಹೋದ ವಾರ ಇಲ್ಲಿ ಇಂಥವು ರಾಶಿ ಇದ್ದವು!"

ಮನೆಗೆ ಬಂದ ಮೇಲೆ ಇನ್ನೊಂದು ಮಂಗಳಾರತಿ. ಬಾತ್‌ರೂಮಿನಲ್ಲಿ ಒಬ್ಬರ ಮೈ ಒಬ್ಬರು ಟಾರ್ಚ್ ಹಾಕಿ ಹುಡುಕೋದು, ಉಣುಗು ಹತ್ತಿದೆಯಾ ಅಂತ. ಇಲ್ಲಿ ಉಣುಗು ಕಚ್ಚಿದರೆ ಲೈಮ್ ಕಾಯಿಲೆ ಭಯ. ನಾನು ಸಾಗರದ ಕಡೆಯವಳು. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು. ಅದನ್ನು ಹರಡೋದೂ ಉಣುಗೇ. ಉಣುಗಿಗೆ ಹೆದರೋದು ನಮಗೆ ಮನೆತನದ ವಿದ್ಯೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗಲೂ ಮೊದಲ ಪ್ರಶ್ನೆ ಅದೇ. "ಕಾಡಿಗೆ ಹೋಗಿದ್ರಾ? ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಕಂಡಿದ್ರಾ?"

ಎರಡನೇ ಪ್ರಶ್ನೆ, "ಹೂವು ಕೊಯ್ದು ಮುಡಿದ್ಯಾ?"

"ಇಲ್ಲಮ್ಮ, ಇಲ್ಲಿ ಕೊಯ್ಯೋ ಹಾಗಿಲ್ಲ. ನೋಡೋದು ಅಷ್ಟೆ."

ಸ್ವಲ್ಪ ಹೊತ್ತು ಸದ್ದಿಲ್ಲ. "ಮುಡಿಯೋ ಹಾಗಿಲ್ಲದ ಹೂವು ನೋಡಕ್ಕೆ ಕಾರು ಮಾಡ್ಕಂಡು ಹೋದ್ರಾ! ಎಂತ ಮಾರಾಯ್ತಿ ನೀವು."

ಆಮೇಲೆ ಅಮ್ಮ ಸುಮ್ನೆ ಮಾತಿಗೆ ಅಂತ ಹೇಳಿದರು, ಈ ಸಲ ಸುರಗಿ ಜೋರು ಬಿಟ್ಟಿತ್ತು ಅಂತ. ಎಲೆಯಿಲ್ಲದ ಹಳೇ ಕೊಂಬೆಗೆ ಮೊಗ್ಗು ಅಂಟಿಸಿದ ಹಾಗೆ ಬರುವ ಹೂವು ಅದು. ಬೆಳಗಿನ ಜಾವ ಮರದ ಕೆಳಗೆ ಹೋದರೆ ತಲೆ ಮೇಲೆ ಜೇನಿನ ಗುಂಯ್ ಸದ್ದು. ಮೊಗ್ಗಿದ್ದಾಗಲೇ ಬಿಡಿಸಿ ತಂದು ನಾವು ಜಗುಲಿಯಲ್ಲಿ ಕೂತು ದಂಡೆ ಕಟ್ಟುತ್ತಿದ್ದೆವು. ಫೆಬ್ರವರಿ, ಮಾರ್ಚ್, ಅಷ್ಟೇ ಅದರ ಕಾಲ. ಮಕ್ಕಳ ಶಾಲೆಗೆ ರಜೆ ಇರೋದು ಜುಲೈಯಲ್ಲಿ. ಹಾಗಾಗಿ ನಾನು ಊರಿಗೆ ಹೋದಾಗೆಲ್ಲ ಮರಕ್ಕೆ ಮಳೆ ಹೊಡೆಯುತ್ತಿರುತ್ತದೆ. ಮರದಲ್ಲಿ ಸುರಗಿ ನೋಡದೆ 14 ವರ್ಷ ಆಯಿತು.

"ಒಂದು ದಂಡೆ ಒಣಗಿಸಿ ಸೀರೆ ಮಧ್ಯ ಇಟ್ಟಿದೀನಿ, ವಾಸನೆ ಹಾಗೇ ಇದೆ" ಅಂದರು ಅಮ್ಮ. "ಆದ್ರೂ ನೀನು ಹೋದ ತಿಂಗಳು ಬರಬೇಕಿತ್ತು."

ನಾನು ಏನೂ ಹೇಳಲಿಲ್ಲ. ಮಹಡಿಯಿಂದ ಇವರು ಕೂಗಿದರು, "ಮುಂದಿನ ಶನಿವಾರ ಆರಕ್ಕೇ ಹೊರಡೋಣ ಕಣೇ, ಬ್ಲೂಬೆಲ್ ಬಂದಿರುತ್ತೆ!" ಫೋನ್ ತೆಗೆದು ನೋಡಿದೆ. ಶನಿವಾರ ಮಳೆಯಂತೆ. ಪ್ಯಾಂಟನ್ನು ಮೂರನೇ ಸಲ ಒಗೆಯಲು ಹೋಗಲಿಲ್ಲ. ಅದನ್ನೇ ಹಾಕಿಕೊಂಡು ಹೋಗಲಿ.