ಮೊದಲು ನೀವು ಬರೆಯೋದನ್ನ ನೋಡಬೇಕು

ಅಪ್ಪನ ಪೆನ್ನನ್ನು ನಿಬ್ಬು ಸರಿಮಾಡುವ ಆ ಹಿರಿಯರ ಕೈಗೆ ಕೊಟ್ಟೆ. ಅವರು ಅದರ ಕ್ಯಾಪನ್ನೂ ತೆಗೆಯಲಿಲ್ಲ. ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ, ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು. ಜೊತೆಗೆ ತಮ್ಮದೇ ಒಂದು ಪೆನ್ನು. "ಮೊದಲು ನೀವು ಬರೆಯೋದನ್ನ ನೋಡಬೇಕು" ಅಂದರು. "ಮನೇಲಿ ಹೇಗೆ ಕೂತು ಬರೀತೀರೋ ಹಾಗೇ ಕೂತ್ಕೊಳ್ಳಿ."

ಇಪ್ಪತ್ತೈದು ವರ್ಷದಿಂದ ಇಂಕ್ ಪೆನ್ನಿನಲ್ಲೇ ಬರೆಯುತ್ತಿದ್ದೇನೆ. ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ.

ಅದು ಟೋಕಿಯೋ ಇಂಟರ್‌ನ್ಯಾಷನಲ್ ಪೆನ್ ಶೋ. 2018ರಲ್ಲಿ ಶುರುವಾದ ಮೇಳ. ಅಸಾಕುಸಾ ಬಳಿ ಇತ್ತು. ನಾನಿರುವ ನಿಶಿ ಕಸಾಯಿಯಿಂದ ರೈಲಿನಲ್ಲಿ ಅರ್ಧ, ಮುಕ್ಕಾಲು ಗಂಟೆಯ ದಾರಿ. ಬೆಳಿಗ್ಗೆ ಬೇಗ ಎದ್ದು, ಒಗ್ಗರಣೆ ಅವಲಕ್ಕಿ ತಿಂದು, ಅಪ್ಪನ ಪೆನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟಿದ್ದೆ.

"ಏನು ಬರೆಯಲಿ?" ಅಂತ ಕೇಳಿದೆ. "ನಿಮ್ಮ ಭಾಷೆಯಲ್ಲಿ ಏನಾದರೂ." ಕೈ ತಾನಾಗಿ ಶ್ರೀ ಬರೆಯಿತು. ಆಮೇಲೆ ನನ್ನ ಹೆಸರು, ಊರಿನ ವಿಳಾಸ. ಮತ್ತೆ ಬರೆಯಿರಿ ಅಂದರು. ಸುಮ್ನೆ ಅ ಆ ಇ ಈ ಬರೆಯುತ್ತಾ ಹೋದೆ. ಅವರು ಅಕ್ಷರ ನೋಡುತ್ತಿರಲಿಲ್ಲ. ನನ್ನ ಮಣಿಕಟ್ಟು ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮ ಅಕ್ಷರದಲ್ಲಿ ಪೆನ್ನು ಎಲ್ಲೂ ನಿಲ್ಲೋದೇ ಇಲ್ಲ, ಸುತ್ತುತ್ತಾನೇ ಇರುತ್ತೆ. ಮೇಲಕ್ಕೆ ಹೋಗುವಾಗ ಕಾಗದ ಗೀರುತ್ತಾ?" ಅಂತ ಕೇಳಿದರು.

ಗೀರುತ್ತಿತ್ತು. ಸರಿಯಾಗಿ ಅಲ್ಲೇ ಗೀರುತ್ತಿತ್ತು.

ಜಪಾನಿ ಬರವಣಿಗೆಯಲ್ಲಿ ಗೆರೆ ಎಳೆದು ನಿಲ್ಲಿಸುತ್ತಾರೆ, ಕೊಕ್ಕೆಯ ಹಾಗೆ ಚಿಮ್ಮಿಸುತ್ತಾರೆ, ಇಲ್ಲ ಬೀಸಿ ಬಿಡುತ್ತಾರೆ. ತೊಮೆ, ಹನೆ, ಹರಾಯ್ ಅಂತ ಒಂದೊಂದಕ್ಕೂ ಹೆಸರಿದೆ. ಒಂದು ಚಿಕ್ಕ ಚೌಕದಲ್ಲಿ ಹತ್ತಾರು ಗೆರೆ ತುಂಬಬೇಕು. ಅದಕ್ಕೇ ಇಲ್ಲಿಯ ಫೈನ್ ನಿಬ್ಬು ಯುರೋಪಿನ ಫೈನ್ ನಿಬ್ಬಿಗಿಂತ ಸಣ್ಣ. ನಮ್ಮದು ದುಂಡು. ಅರ್ಧ ಸುತ್ತು ಕೆಳಗಿಳಿದರೆ ಇನ್ನರ್ಧ ಸುತ್ತು ನಿಬ್ಬನ್ನು ಮೇಲಕ್ಕೆ ತಳ್ಳಬೇಕು. ಮೇಲೆ ತಲಕಟ್ಟು, ಕೆಳಗೆ ಒತ್ತು. ಇಷ್ಟು ವರ್ಷ ಬರೆದರೂ ನಾನು ಇದನ್ನು ಯೋಚಿಸಿರಲಿಲ್ಲ. ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದ ಮನುಷ್ಯ ಐದು ನಿಮಿಷದಲ್ಲಿ ಕಂಡುಹಿಡಿದರು.

ಆಮೇಲೆ ಪೆನ್ನು ಬಿಚ್ಚಿದರು. ಕಣ್ಣಿಗೆ ಭೂತಗನ್ನಡಿ ಹಿಡಿದು, ನಿಬ್ಬಿನ ಸೀಳಿನ ಒಂದು ಪಕ್ಕ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಕೆಳಗಿದೆ ಅಂದರು. ಅಪ್ಪನ ಕೈಯಿಂದ ಬಿದ್ದಿದ್ದ ಪೆನ್ನು ಅದು. ಉಗುರಿನಿಂದ ಮೆಲ್ಲಗೆ ಎತ್ತಿದರು. ತೆಳುವಾದ ಹಿತ್ತಾಳೆ ತಗಡನ್ನು ಸೀಳಿನಲ್ಲಿ ಆಡಿಸಿದರು. ನುಣುಪಾದ ಉಜ್ಜುಹಾಳೆಯ ಮೇಲೆ ಎಂಟರ ಆಕಾರದಲ್ಲಿ ನಾಲ್ಕು ಸುತ್ತು ಉಜ್ಜಿದರು. ಬರೆಯಿರಿ ಅಂದರು. ಮತ್ತೆ ಉಜ್ಜಿದರು. ಮತ್ತೆ ಬರೆಯಿರಿ ಅಂದರು. ಆರು ಸಲವಾದರೂ ಹೀಗಾಯಿತು.

ಕಳೆದ ಬೇಸಿಗೆಯಲ್ಲಿ ಇದೇ ಪೆನ್ನನ್ನು ನಮ್ಮೂರಿನ ಒಂದು ಅಂಗಡಿಗೆ ಒಯ್ದಿದ್ದೆ. ದೊಡ್ಡ ಅಂಗಡಿ, ಏಸಿ ಇದೆ. ಅಲ್ಲಿದ್ದವರು ಪೆನ್ನನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದೆಲ್ಲಾ ಈಗ ಯಾರೂ ಮಾಡಲ್ಲ ಸಾರ್. ಹೊಸಾದು ತಗೊಂಡುಬಿಡಿ" ಅಂದರು. ಆಗಲಿ, ತೋರಿಸಿ ಅಂದೆ. ಗಾಜಿನ ಕಪಾಟಿನಿಂದ ಡಬ್ಬಿ ಸಮೇತ ತೆಗೆದರು. "ಇಂಕಲ್ಲಿ ಅದ್ದಿ ಎರಡಕ್ಷರ ಬರೆದು ನೋಡ್ಲಾ?" ಅಂದೆ. "ಅಯ್ಯೋ ಬೇಡ ಸಾರ್. ಇಂಕ್ ಮುಟ್ಟಿಸಿದ್ರೆ ಮುಗೀತು, ನೀವೇ ತಗೋಬೇಕು."

ಇದು ನನಗೆ ಈಗಲೂ ಚುಚ್ಚುತ್ತದೆ. ಚಪ್ಪಲಿಯನ್ನು ಹಾಕಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಮಾವಿನಹಣ್ಣನ್ನು ತೊಟ್ಟಿನ ಹತ್ತಿರ ಮೂಸುತ್ತೇವೆ. ಅಕ್ಕಿಯನ್ನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತೇವೆ. ಪೆನ್ನನ್ನು ಮಾತ್ರ ಬರೆಯದೇ ಕೊಳ್ಳಬೇಕು. ಯಾಕೆ ಅಂದರೆ ನಮ್ಮಲ್ಲಿ ಒಳ್ಳೆ ಪೆನ್ನು ಬರೆಯೋದಕ್ಕಲ್ಲ, ಕೊಡೋದಕ್ಕೆ. ನಿವೃತ್ತಿಗೆ, ಸನ್ಮಾನಕ್ಕೆ, ಶಾಲು ಹಾರದ ಜೊತೆಗೆ. ಡಬ್ಬಿ ಹೊಳೆದರೆ ಸಾಕು. ನಮ್ಮ ಮನೆಯ ಬೀರುವಿನಲ್ಲೇ ಹಾಗೆ ಬಂದ ನಾಲ್ಕು ಪೆನ್ನಿವೆ. ಒಂದಕ್ಕೂ ಇಂಕು ತಾಗಿಲ್ಲ. "ಒಳ್ಳೇದು ಅಂತ ಎತ್ತಿಟ್ಟಿದೀನಿ" ಅನ್ನುತ್ತಾರೆ ಅಮ್ಮ.

ಈ ಮೇಳದಲ್ಲಿ ಮೇಜು ಮೇಜಿಗೂ ಅದ್ದಿ ಬರೆಯಲು ಪೆನ್ನು, ಪಕ್ಕದಲ್ಲಿ ನೀರಿನ ಬಟ್ಟಲು, ಒರೆಸಲು ಬಟ್ಟೆ. ಹತ್ತು ವರ್ಷದ ಹುಡುಗಿಯೊಬ್ಬಳು ಅಮ್ಮನ ಜೊತೆ ಕೂತು ಒಂದೇ ಪೆನ್ನಿನಲ್ಲಿ ಕಾಲು ಗಂಟೆ ತನ್ನ ಹೆಸರು ಬರೆದಳು. ಬೇಡ ಅಂತ ಎದ್ದು ಹೋದಳು. ಮಾರುವವರು ತಲೆಬಾಗಿ ಧನ್ಯವಾದ ಹೇಳಿದರು.

ಇಂಕಿನ ಸಾಲಂತೂ ಬಿಟ್ಟು ಬರಲಾಗದ ಜಾಗ. ಇಲ್ಲಿ ಊರೂರಿನ ಸ್ಟೇಷನರಿ ಅಂಗಡಿಗಳು ತಮ್ಮ ಊರಿನ ಹೆಸರಲ್ಲೇ ಇಂಕು ಮಾಡಿಸುತ್ತವೆ. 2007ರಲ್ಲಿ ಕೋಬೆಯ ನಾಗಸಾವ ಅಂಗಡಿ ಇಂಥದ್ದೊಂದು ಸಾಲು ತಂದಿತು. ರೊಕ್ಕೋ ಬೆಟ್ಟದ ಹಸಿರು, ಹೀಗೆ. ಆ ಬಾಟಲಿಗಳ ಮುಂದೆ ನಿಂತು ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಆಗುಂಬೆಯ ಮಳೆಗಾಲದ ಬೂದು ಅಂತ ಮನಸ್ಸಲ್ಲೇ ಹೆಸರಿಟ್ಟೆ. ಮಾರುವ ಹುಡುಗ ನಿಮ್ಮ ಊರಲ್ಲಿ ಯಾವ ಇಂಕು ಅಂತ ಕೇಳಿದ. 1962ರಿಂದ ದೇಶದ ಚುನಾವಣೆಗೆ ಹೋಗುವ ಶಾಯಿ ನಮ್ಮ ಮೈಸೂರಿನದು, ಬೆರಳಿಗೆ ಹಚ್ಚಿದರೆ ವಾರಗಟ್ಟಲೆ ಹೋಗಲ್ಲ ಅಂದೆ. ಅವನು ಪುಸ್ತಕದಲ್ಲಿ ಬರೆದುಕೊಂಡ. ಅದರಲ್ಲಿ ಬರೆಯಬಹುದಾ ಅಂತಲೂ ಕೇಳಿದ. ಇಲ್ಲ ಅಂದೆ.

ನಿಬ್ಬು ಉಜ್ಜುತ್ತಿದ್ದ ಹಿರಿಯರು ನಡುವೆ ಒಮ್ಮೆ ಅಪ್ಪನ ಪೆನ್ನನ್ನು ಮೂಗಿನ ಹತ್ತಿರ ಹಿಡಿದರು. "ಎಬೊನೈಟ್!" ಅಂತ ಮುಖ ಅರಳಿತು. ಗಂಧಕ ಹಾಕಿ ಗಟ್ಟಿಮಾಡಿದ ರಬ್ಬರು ಅದು. ಕೈಯಲ್ಲಿ ಬಿಸಿಯಾದರೆ ವಾಸನೆ ಬರುತ್ತದೆ. ಬೆಳಕಿಗೆ ಬಣ್ಣಗೆಡುತ್ತದೆ. ನೂರು ವರ್ಷದ ಹಿಂದೆ, ಈಗ ಪೈಲಟ್ ಅಂತ ಕರೆಯುವ ನಮಿಕಿ ಕಂಪನಿಯವರು ಹೀಗೆ ಬಣ್ಣಗೆಡುವುದನ್ನು ತಡೆಯಲು ಎಬೊನೈಟ್ ಮೇಲೆ ಉರುಶಿ ಮರದ ರಸದ ಮೆರುಗು ಬಳಿದರು. ಅದೇ ಬೆಳೆದು, ಚಿನ್ನದ ಪುಡಿಯಲ್ಲಿ ಚಿತ್ರ ಬಿಡಿಸಿದ ಪೆನ್ನುಗಳಾದವು. ಮೇಳದ ಮೇಜುಗಳ ಮೇಲಿದ್ದ ಅಂಥ ಲಕ್ಷಗಟ್ಟಲೆ ಯೆನ್ನಿನ ಪೆನ್ನುಗಳ ಒಳಗಿದ್ದದ್ದೂ ಅಪ್ಪನ ಪೆನ್ನಿನ ಎಬೊನೈಟೇ. ನಮಗೆ ಚನ್ನಪಟ್ಟಣದ ಅರಗಿದೆ, ಮರ ತಿರುಗಿಸುವ ಕೈಗಳಿವೆ. ಆ ಕೈಗಳಿಗೆ ಒಂದು ಪೆನ್ನು ಮಾಡಿಕೊಡಿ ಅಂತ ನಾವು ಯಾಕೆ ಕೇಳಲಿಲ್ಲ ಅಂತ ವಾಪಸ್ ಬರುವ ರೈಲಿನಲ್ಲಿ ಯೋಚಿಸುತ್ತಲೇ ಇದ್ದೆ.

ಅವತ್ತೇ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಜಾಸ್ತಿಯೇ ಹೇಳಿದೆ. ಅಪ್ಪ ಕೇಳಿದ ಮೊದಲ ಪ್ರಶ್ನೆ, "ಎಷ್ಟು ತಗೊಂಡ್ರು?" 3,000 ಯೆನ್ ಅಂದೆ. ರೂಪಾಯಿಯಲ್ಲಿ ಲೆಕ್ಕ ಹಾಕಿ, ಪೆನ್ನಿಗೇ ಅಷ್ಟು ಕೊಟ್ಟಿರಲಿಲ್ಲ ಅಂದರು. ಆಮೇಲೆ ಬಸ್‌ಸ್ಟ್ಯಾಂಡ್ ಎದುರು ಮೆಟ್ಟಿಲ ಕೆಳಗೆ ಕೂರುತ್ತಿದ್ದ ಪೆನ್ ರಿಪೇರಿಯವರನ್ನು ನೆನಪಿಸಿದರು. ನಾನು ಮರೆತಿದ್ದೆ. ಅವರು ಬರೆಸಿಯೂ ನೋಡುತ್ತಿರಲಿಲ್ಲವಂತೆ. ಬೆರಳಿನ ಇಂಕಿನ ಕಲೆ ಎಲ್ಲಿದೆ ಅಂತ ನೋಡಿ, ಪೆನ್ನು ಹೇಗೆ ಹಿಡಿಯುತ್ತೀರಿ ಅಂತ ಅವರೇ ಹೇಳುತ್ತಿದ್ದರಂತೆ. ಎಂಟಾಣೆ. "ಯಾರೂ ಹೋಗಲಿಲ್ಲ, ಅವನು ಎದ್ದು ಹೋದ. ನೀನೂ ಆಗ ಬಾಲ್ ಪೆನ್ನೇ ಬೇಕು ಅಂತ ಹಟ ಮಾಡ್ತಿದ್ದೆ ಕಣೋ."

ಅದು ನಿಜ. ಇನ್ನೂ ಕೆಲವು ಮಾತು ಒಪ್ಪಬೇಕು. 1935ರಲ್ಲೇ ಗಾಂಧೀಜಿ ಮೆಚ್ಚಿ ಪತ್ರ ಬರೆದ ಪೆನ್ನು ರಾಜಮಂಡ್ರಿಯ ರತ್ನಂ ಅವರದು. ತಿರುವಳ್ಳೂರಿನಲ್ಲಿ ಈಗಲೂ ಕೈಯಲ್ಲೇ ಎಬೊನೈಟ್ ತಿರುಗಿಸಿ, ಕೇಳಿದ ಅಳತೆಗೆ ಮಾಡಿಕೊಡುವವರಿದ್ದಾರೆ. ಆ ಬೆಲೆಗೆ ಜಪಾನಿನಲ್ಲಿ ಹಾಗೆ ಮಾಡಿಸಿಕೊಳ್ಳಲು ಆಗಲ್ಲ. ಎತ್ತಿಡುವ ಚಟ ನಮ್ಮದೊಂದೇ ಅಲ್ಲ. ಇಲ್ಲಿ ಮುಗಿಯದಷ್ಟು ಇಂಕು ಕೂಡಿಡುವವರಿಗೆ ಇಂಕಿನ ಕೆಸರಿಗೆ ಬಿದ್ದವರು ಅನ್ನುತ್ತಾರೆ. ನನ್ನ ಗೆಳೆಯನೊಬ್ಬನ ಕಪಾಟಿನಲ್ಲಿ ನೂರಕ್ಕೂ ಹೆಚ್ಚು ಬಾಟಲಿಗಳಿವೆ. ಅರ್ಧಕ್ಕರ್ಧ ಮುಚ್ಚಳ ತೆಗೆದಿಲ್ಲ. ಅಂಗಡಿಯವರದ್ದೂ ಒಂದು ಕಷ್ಟ ಇದ್ದೀತು. ಹತ್ತು ಜನ ಒತ್ತಿ ಬರೆದ ನಿಬ್ಬನ್ನು ಹನ್ನೊಂದನೆಯವರು ಹೊಸದು ಅಂತ ಕೊಳ್ಳಲ್ಲ. ಆದರೂ ಎರಡಕ್ಷರ ಬರೆಯಲು ಬಿಡಬಹುದಿತ್ತು.

ಈ ಸಲ ಆಯುಧಪೂಜೆಗೆ ಊರಿಗೆ ಹೋದೆ. ಪೂಜೆ ಮುಗಿದ ಮೇಲೆ ಪೆನ್ನಿಗೆ ಫಿಲ್ಲರ್‌ನಲ್ಲಿ ಇಂಕು ತುಂಬಿ ಅಪ್ಪನ ಕೈಗೆ ಕೊಟ್ಟೆ. ಅವರು ಲೆಕ್ಕದ ಪುಸ್ತಕ ತೆಗೆದು ಶ್ರೀ ಬರೆದರು. ಕೆಳಗೆ ತಾರೀಖು ಹಾಕಿ ಎರಡು ಸಾಲು ಬರೆದರು. ಅಪ್ಪ ಪೆನ್ನನ್ನು ನನ್ನ ಹಾಗೆ ಹಿಡಿಯುವುದಿಲ್ಲ. ತುಂಬಾ ಓರೆ, ಎಡಕ್ಕೆ ಹೊರಳಿಸಿ. ಮೂರನೆಯ ಸಾಲಿಗೆ ನಿಲ್ಲಿಸಿದರು.

"ಚೆನ್ನಾಗಿ ಮಾಡಿದಾರೆ" ಅಂದರು. "ಆದ್ರೆ ನಿನ್ನ ಕೈ ನೋಡಿ ಮಾಡಿದಾರೆ."

ಕ್ಯಾಪು ಹಾಕಿ ನನ್ನ ಜೇಬಿಗೆ ಸಿಕ್ಕಿಸಿದರು. ಲೆಕ್ಕದ ಉಳಿದ ಸಾಲುಗಳನ್ನು ಕ್ಯಾಲೆಂಡರ್ ಪಕ್ಕ ದಾರದಲ್ಲಿ ಕಟ್ಟಿದ್ದ ಬಾಲ್ ಪೆನ್ನಿನಲ್ಲಿ ಬರೆದರು.